ಮಕ್ಕಳ ಕಾರ್ಟೂನಿನಲ್ಲಿ ತಪ್ಪು ಹಿಡಿಯುವುದು ಹೇಗೆ? ಮಳೆ ರಜೆಯ ಮನೆಗಳಿಗೊಂದು ಮಾರ್ಗದರ್ಶಿ

ಜೂನ್ ಕಳೆದು ಮಳೆ ಜೋರಾಗಿ ಶಾಲೆಗಳಿಗೆ ರಜೆ ಕೊಡತೊಡಗಿದರೆ ಸಾಕು, ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆಯ ಪೋಷಕರಿಂದ ಒಂದೇ ಬಗೆಯ ಪ್ರಶ್ನೆ ಬರುತ್ತದೆ. “ಕಾರ್ಟೂನ್ ನೋಡ್ತಾ ನೋಡ್ತಾ ಮಗಳು, ಅಯ್ಯೋ ಈಗ ನೀಲಿ ಇದ್ದ ಚೀಲ ಕೆಂಪಾಯ್ತು ಅಂತಾಳೆ. ನಾವು ತಿರುಗಿ ನೋಡೋದ್ರೊಳಗೆ ಆ ದೃಶ್ಯ ಹೋಗಿರುತ್ತೆ. ಅದು ನಿಜವಾಗ್ಲೂ ತಪ್ಪೋ, ಇವಳಿಗೆ ಹಾಗೆ ಕಂಡಿದ್ದೋ? ಗೊತ್ತುಮಾಡಿಕೊಳ್ಳೋದು ಹೇಗೆ?” ಬಿಡಿಬಿಡಿಯಾಗಿ ಉತ್ತರ ಕೊಡುವ ಬದಲು ಇಡೀ ಕ್ರಮವನ್ನು ಒಂದೇ ಕಡೆ ಬರೆಯುತ್ತಿದ್ದೇನೆ.

ಮೊದಲಿಗೆ ಎರಡು ಮಾತುಗಳ ಅರ್ಥ. (ಶಾಟ್ ಎಂದರೆ ನಡುವೆ ಕತ್ತರಿಸದೆ ಒಂದೇ ಸಮನೆ ಓಡುವ ದೃಶ್ಯದ ತುಣುಕು.) ಕಂಟಿನ್ಯುಟಿ ತಪ್ಪು ಎಂದರೆ ಒಂದು ಶಾಟ್‌ನಲ್ಲಿ ಇದ್ದದ್ದು ಮುಂದಿನ ಶಾಟ್‌ಗೆ ಕಾರಣವಿಲ್ಲದೆ ಬದಲಾಗುವುದು. ಬಲಗೈಯಲ್ಲಿದ್ದ ಲೋಟ ಎಡಗೈಗೆ ಬರುತ್ತದೆ, ಮುಚ್ಚಿದ್ದ ಕಿಟಕಿ ತೆರೆದಿರುತ್ತದೆ. ಅನಿಮೇಶನ್ ತಪ್ಪು ಎಂದರೆ ಒಂದೇ ಶಾಟ್‌ನ ಒಳಗೆ ಚಿತ್ರದಲ್ಲೋ ಚಲನೆಯಲ್ಲೋ ಆಗುವ ಎಡವಟ್ಟು. ಅರೆಕ್ಷಣ ಬಾಯಿ ಮಾಯವಾಗುತ್ತದೆ, ಮೇಜಿನ ಹಿಂದೆ ಇರಬೇಕಾದ ಕಾಲು ಮೇಜಿನ ಮುಂದೆ ಕಾಣುತ್ತದೆ. ಎರಡನ್ನೂ ಹುಡುಕುವ ವಿಧಾನ ಬೇರೆ ಬೇರೆ. ಒಟ್ಟಿಗೆ ಹುಡುಕಲು ಹೋದರೆ ಎರಡೂ ಸಿಗುವುದಿಲ್ಲ.

ಇನ್ನೊಂದು ವಿಷಯವನ್ನು ಈಗಲೇ ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಇದರ ಮೇಲೇ ನಿಂತಿದೆ. ಕಾರ್ಟೂನಿನಲ್ಲಿ ಬೆಕ್ಕು ಬಾಗಿಲಡಿ ಸಿಕ್ಕಿ ಚಪ್ಪಟೆಯಾಗಿ ಮರುಕ್ಷಣ ಎದ್ದು ಓಡಿದರೆ ಅದು ತಪ್ಪಲ್ಲ, ಆ ಲೋಕದ ನಿಯಮವೇ ಹಾಗೆ. ತಾನು ಹಾಕಿಕೊಂಡ ನಿಯಮವನ್ನು ಕಾರ್ಟೂನ್ ತಾನೇ ಮುರಿದಾಗ ಮಾತ್ರ ಅದನ್ನು ತಪ್ಪು ಎನ್ನಬೇಕು. ಹಾಗಾಗಿ ನಿಯಮ ತಿಳಿಯದೆ ತಪ್ಪು ಹುಡುಕಲು ಕೂರಬೇಡಿ.

ಬೇಕಾಗುವುದು

ಲ್ಯಾಪ್‌ಟಾಪ್ ಅಥವಾ ಕಂಪ್ಯೂಟರ್ ಇದ್ದರೆ ಒಳ್ಳೆಯದು. ಫೋನಿನಲ್ಲೂ ಆಗುತ್ತದೆ, ಆದರೆ ಒಂದೊಂದೇ ಚಿತ್ರ ಮುಂದೆ ಸರಿಸುವುದು ಅದರಲ್ಲಿ ಕಷ್ಟ. ಯೂಟ್ಯೂಬನ್ನು ಕಂಪ್ಯೂಟರಿನಲ್ಲಿ ನೋಡುವಾಗ ವಿಡಿಯೊ ನಿಲ್ಲಿಸಿ ಕೀಬೋರ್ಡಿನ ಪೂರ್ಣವಿರಾಮದ ಕೀ ಒತ್ತಿದರೆ ಒಂದು ಫ್ರೇಮ್ (ವಿಡಿಯೊ ಆಗಿ ಓಡುವ ಬಿಡಿಚಿತ್ರಗಳಲ್ಲಿ ಒಂದು) ಮುಂದಕ್ಕೆ, ಅಲ್ಪವಿರಾಮದ ಕೀ ಒತ್ತಿದರೆ ಒಂದು ಫ್ರೇಮ್ ಹಿಂದಕ್ಕೆ ಹೋಗುತ್ತದೆ. ಡಿವಿಡಿ ಅಥವಾ ಫೈಲ್ ಇದ್ದರೆ ವಿಎಲ್‌ಸಿ ಪ್ಲೇಯರ್‌ನಲ್ಲಿ ಇಂಗ್ಲಿಷಿನ ಇ ಕೀ ಒತ್ತಿ ಒಂದೊಂದೇ ಫ್ರೇಮ್ ಮುಂದೆ ಹೋಗಬಹುದು. ಫೋನಿನಲ್ಲಾದರೆ ಯೂಟ್ಯೂಬಿನ ವೇಗವನ್ನು 0.25ಕ್ಕೆ ಇಳಿಸಿಕೊಳ್ಳಿ.

ಜೊತೆಗೆ ಒಂದು ನೋಟ್‌ಬುಕ್, ಬಣ್ಣದ ಪೆನ್ಸಿಲ್, ಮತ್ತು ಒಂದೇ ಒಂದು ಕಂತು. ಮೊದಲ ಸಲಕ್ಕೆ ಏಳೆಂಟು ನಿಮಿಷದ ಕಂತು ಸಾಕು, 22 ನಿಮಿಷದ್ದನ್ನು ಎತ್ತಿಕೊಂಡರೆ ಮಕ್ಕಳು ಅರ್ಧಕ್ಕೆ ಎದ್ದು ಹೋಗುತ್ತಾರೆ. ಗಾಳಿಗೆ ಮರ ಬಿದ್ದು ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುವ ಊರು ನಮ್ಮದು, ಆದ್ದರಿಂದ ಆ್ಯಪ್‌ನಲ್ಲಿ ಡೌನ್‌ಲೋಡ್ ಸೌಲಭ್ಯ ಇದ್ದರೆ ಮೊದಲೇ ಇಳಿಸಿಟ್ಟುಕೊಳ್ಳಿ. ಒಂದು ಎಚ್ಚರಿಕೆ: ಬಹಳಷ್ಟು ಒಟಿಟಿ ಆ್ಯಪ್‌ಗಳಲ್ಲಿ ಸ್ಕ್ರೀನ್‌ಶಾಟ್ ತೆಗೆದರೆ ಬರೀ ಕಪ್ಪು ಬರುತ್ತದೆ. ನಿಮ್ಮ ಫೋನ್ ಹಾಳಾಗಿಲ್ಲ, ನಕಲು ತಡೆಯಲು ಅವರೇ ಹಾಗೆ ಮಾಡಿರುತ್ತಾರೆ. ಅಂಥಲ್ಲಿ ಕಂಡದ್ದನ್ನು ನೋಟ್‌ಬುಕ್ಕಿನಲ್ಲಿ ಬಿಡಿಸಿಕೊಳ್ಳಲಿ. ಬಿಡಿಸಿದ ಮಗುವಿಗೆ ಆ ಪಾತ್ರದ ಆಕಾರ ಮರೆಯುವುದಿಲ್ಲ.

ಹಂತ 1: ಕಾರ್ಟೂನ್ ಹೇಗೆ ತಯಾರಾಗಿದೆ ಎಂದು ಗುರುತಿಸಿ

ತಯಾರಿಸುವ ವಿಧಾನಕ್ಕೆ ತಕ್ಕಂತೆ ತಪ್ಪುಗಳ ಬಗೆಯೂ ಬೇರೆ.

ಹಳೆಯ ಕಾರ್ಟೂನುಗಳು ಸೆಲ್ ವಿಧಾನದವು. ಸೆಲ್ ಎಂದರೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಪಾತ್ರವನ್ನು ಅದರ ಮೇಲೆ ಬಿಡಿಸಿ, ಹಿಂಬದಿಯಿಂದ ಬಣ್ಣ ತುಂಬಿ, ಬೇರೆಯೇ ಹಾಳೆಯಲ್ಲಿ ಬರೆದ ಹಿನ್ನೆಲೆಯ ಮೇಲಿಟ್ಟು ಕ್ಯಾಮೆರಾದಲ್ಲಿ ತೆಗೆಯುತ್ತಿದ್ದರು. ಮೈಗೊಂದು ಹಾಳೆ, ತಲೆಗೊಂದು, ಬಾಯಿಗೊಂದು ಹೀಗೆ ಪದರಗಳಿರುತ್ತಿದ್ದವು. ಒಂದು ಹಾಳೆ ಇಡಲು ಮರೆತರೆ ಆ ಕ್ಷಣಕ್ಕೆ ಬಾಯಿ ಇಲ್ಲ. ಕೆಳಗಿನದು ಮೇಲೆ ಬಂದರೆ ಕೈ ಮೈಯ ಹಿಂದೆ. ‘ಟಾಮ್ ಅಂಡ್ ಜೆರ್ರಿ’ಯ ಹಳೆಯ ಕಂತುಗಳು ಈ ಜಾತಿಯವು.

ಎರಡನೆಯದು ಕಟ್-ಔಟ್. ಪಾತ್ರದ ತಲೆ, ತೋಳು, ಕಾಲುಗಳನ್ನು ಕಂಪ್ಯೂಟರಿನಲ್ಲಿ ಬಿಡಿಭಾಗಗಳಾಗಿ ಇಟ್ಟುಕೊಂಡು ಬೊಂಬೆಯಂತೆ ಜೋಡಿಸಿ ಆಡಿಸುತ್ತಾರೆ. ಇಲ್ಲಿ ಮೊಣಕೈ ಜಾಗದಲ್ಲಿ ಸಂದು ಬಿಡುವುದು, ಕಣ್ಣರೆಪ್ಪೆ ಮುಖದಾಚೆ ಇಣುಕುವುದು, ಪಾತ್ರವನ್ನು ಎಡಬಲ ತಿರುಗಿಸಿ ಮರುಬಳಸಿದಾಗ ಬೈತಲೆಯೋ ಕೈಗಡಿಯಾರವೋ ಆ ಕಡೆಗೆ ಹೋಗುವುದು ಸಾಮಾನ್ಯ.

ಮೂರನೆಯದು ಮೂರು ಆಯಾಮದ್ದು. 2012ರಲ್ಲಿ ಶುರುವಾದ ‘ಮೋಟು ಪತ್ಲು’ ಹೀಗೆ ತಯಾರಾದದ್ದು, 2008ರಲ್ಲಿ ಬಂದ ‘ಛೋಟಾ ಭೀಮ್’ ಎರಡು ಆಯಾಮದ್ದು. ಅಕ್ಕಪಕ್ಕ ಇಟ್ಟು ನೋಡಿದರೆ ಮಕ್ಕಳಿಗೆ ವ್ಯತ್ಯಾಸ ತಾನಾಗಿ ಗೊತ್ತಾಗುತ್ತದೆ. ಮೂರು ಆಯಾಮದಲ್ಲಿ ಬಣ್ಣ ತುಂಬುವ ತಪ್ಪು ಅಪರೂಪ. ಅದರ ಬದಲು ಕೈ ಮೇಜಿನೊಳಗೆ ಹೊಕ್ಕುವುದು, ನಡೆಯುವಾಗ ಪಾದ ನೆಲದ ಮೇಲೆ ಜಾರುವುದು, ಕುರ್ಚಿಯಿಂದ ಒಂದಿಷ್ಟು ಮೇಲೆ ತೇಲಿದಂತೆ ಕೂರುವುದು ಇವೆಲ್ಲ ಸಿಗುತ್ತವೆ. ಒಂದು ವಸ್ತು ಇನ್ನೊಂದರೊಳಗೆ ತೂರುವುದನ್ನು ಈ ಕೆಲಸದವರು ಕ್ಲಿಪಿಂಗ್ ಎನ್ನುತ್ತಾರೆ.

ಕಲಿಯಲು ಸೆಲ್ ಕಾಲದ ಕಾರ್ಟೂನೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಅಲ್ಲಿ ಪ್ರತಿ ತಪ್ಪಿನ ಹಿಂದೆಯೂ ಒಬ್ಬರ ಕೈ ಕಾಣುತ್ತದೆ.

ಹಂತ 2: ನಿಯಮಪಟ್ಟಿ ಮಾಡಿ

ಸ್ಟುಡಿಯೊಗಳಲ್ಲಿ ಪ್ರತಿ ಪಾತ್ರಕ್ಕೂ ಮಾಡೆಲ್ ಶೀಟ್ ಇರುತ್ತದೆ. ಎದುರಿನಿಂದ, ಪಕ್ಕದಿಂದ, ಹಿಂದಿನಿಂದ ಪಾತ್ರ ಹೇಗೆ ಕಾಣಬೇಕು, ಯಾವ ಬಣ್ಣ, ಯಾರ ಪಕ್ಕ ನಿಂತರೆ ಎಷ್ಟು ಎತ್ತರ ಎಂದು ತೋರಿಸುವ ಹಾಳೆ ಅದು. ಬೇರೆ ಬೇರೆ ಊರುಗಳಲ್ಲಿ ಕುಳಿತ ಹತ್ತಾರು ಜನ ಒಂದೇ ಪಾತ್ರವನ್ನು ಬಿಡಿಸಬೇಕಾದಾಗ ಅವರೆಲ್ಲರಿಗೂ ಆ ಹಾಳೆಯೇ ಆಧಾರ. ನೀವೂ ಮಗುವಿನೊಂದಿಗೆ ಕೂತು ಅಂಥದ್ದೊಂದು ಹಾಳೆ ಮಾಡಿ.

ಡೊರೇಮಾನ್ ತೆಗೆದುಕೊಳ್ಳಿ. ಮೈ ನೀಲಿ, ಮುಖ ಮತ್ತು ಹೊಟ್ಟೆ ಬಿಳಿ, ಮೂಗು ಕೆಂಪು, ಕೊರಳಲ್ಲಿ ಕೆಂಪು ಪಟ್ಟಿ, ಅದಕ್ಕೆ ಹಳದಿ ಗಂಟೆ, ಹೊಟ್ಟೆಯ ಮೇಲೆ ಜೇಬು, ಬಾಲದ ತುದಿಯಲ್ಲಿ ಕೆಂಪು ಗುಂಡು, ಕೆನ್ನೆಗೆ ಮೂರರಂತೆ ಆರು ಮೀಸೆ, ಕಿವಿ ಇಲ್ಲ. ಇಷ್ಟು ಬರೆದುಕೊಂಡರೆ ಯಾವುದಾದರೂ ಶಾಟ್‌ನಲ್ಲಿ ಒಂದು ಕೆನ್ನೆಯಲ್ಲಿ ಎರಡೇ ಮೀಸೆ ಇದ್ದಾಗ ಮಗು ತಕ್ಷಣ ಹಿಡಿಯುತ್ತದೆ.

ಇಲ್ಲಿ ಜನ ಎಡವುವ ಜಾಗಗಳು ಹಲವು.

ನೆನಪನ್ನು ನಂಬಿ ಬರೆಯಬೇಡಿ, ಚಿತ್ರ ನೋಡಿ ಬರೆಯಿರಿ. ಪಿಕಾಚುವಿನ ಬಾಲದ ತುದಿ ಕಪ್ಪು ಎಂದು ಆಣೆ ಮಾಡಿ ಹೇಳುವವರು ಬಹಳ ಮಂದಿ ಇದ್ದಾರೆ. ಕಪ್ಪು ಇರುವುದು ಕಿವಿಯ ತುದಿಗೆ. ಬಾಲದ ಬುಡದಲ್ಲಿ ಕಂದು ಬಣ್ಣ ಇದೆ, ತುದಿ ಹಳದಿಯೇ. ನೆನಪಿನ ಮೇಲೆ ಪಟ್ಟಿ ಮಾಡಿದರೆ ಸರಿಯಾಗಿ ಬಿಡಿಸಿದ ಪ್ರತಿ ಚಿತ್ರವೂ ತಪ್ಪಾಗಿ ಕಾಣುತ್ತದೆ.

ಶೈಲಿಯನ್ನು ತಪ್ಪೆಂದು ಬರೆಯಬೇಡಿ. ಮಿಕ್ಕಿ ಮೌಸ್‌ಗೆ ಕೈಯೊಂದಕ್ಕೆ ನಾಲ್ಕೇ ಬೆರಳು, ತಲೆ ಯಾವ ಕಡೆ ತಿರುಗಿದರೂ ಕಿವಿಗಳು ದುಂಡಗೇ ಕಾಣುತ್ತವೆ. ಪೆಪ್ಪಾ ಪಿಗ್‌ನ ಎರಡೂ ಕಣ್ಣು ಮುಖದ ಒಂದೇ ಕಡೆ. ಇವೆಲ್ಲ ಬೇಕೆಂದೇ ಮಾಡಿದ್ದು. ನಾಲ್ಕು ಬೆರಳಿನ ಪಾತ್ರಕ್ಕೆ ಒಂದು ಶಾಟ್‌ನಲ್ಲಿ ಐದು ಬೆರಳು ಬಂದರೆ ಆಗ ಬರೆದುಕೊಳ್ಳಿ.

ಕಥೆಯೇ ಕೊಟ್ಟ ಕಾರಣವನ್ನು ಮರೆಯಬೇಡಿ. ಹಳದಿ ಮೈ, ಎರಡು ಕಿವಿ ಇರುವ ಡೊರೇಮಾನ್ ಕಂಡರೆ ಗಾಬರಿ ಬೇಡ, ಅದು ಹಿಂದಿನ ಕಥೆ. ಇಲಿ ಕಿವಿ ಕಚ್ಚುವ ಮೊದಲು ಅವನು ಹಾಗೇ ಇದ್ದ.

ಸರಣಿಯ ವಯಸ್ಸನ್ನೂ ಗಮನಿಸಿ. ಟಾಮ್ ಮೊದಲು ಕಾಣಿಸಿಕೊಂಡ 1940ರ ಚಿತ್ರದಲ್ಲಿ ಅವನ ಹೆಸರು ಜಾಸ್ಪರ್, ಮುಖವೂ ಈಗಿನಂತಿಲ್ಲ. 1961–62ರಲ್ಲಿ ಅದೇ ಸರಣಿಯ 13 ಚಿತ್ರಗಳು ಪ್ರಾಗ್ ನಗರದಲ್ಲಿ ಬೇರೆ ತಂಡದಿಂದ ತಯಾರಾದವು, ಅವುಗಳ ಚಲನೆ, ಶಬ್ದ ಎಲ್ಲವೂ ಬೇರೆ. ಒಂದು ಕಾಲದ ಕಂತಿನ ನಿಯಮಪಟ್ಟಿಯನ್ನು ಇನ್ನೊಂದು ಕಾಲದ್ದಕ್ಕೆ ಹಿಡಿಯಲಾಗದು.

ಹಂತ 3: ಮೊದಲ ಸಲ ಸುಮ್ಮನೆ ನೋಡಿ

ನಿಲ್ಲಿಸಬೇಡಿ, ಬರೆಯಬೇಡಿ. ಕಥೆ ಗೊತ್ತಾಗಲಿ. ಮಗು ‘ಅಲ್ಲಿ!’ ಎಂದು ಕೂಗಿದರೆ ಸಮಯವನ್ನಷ್ಟೇ ಗುರುತು ಹಾಕಿಕೊಂಡು ಮುಂದೆ ಹೋಗಿ.

ಹಂತ 4: ಶಾಟ್‌ಗಳ ನಡುವೆ ಹುಡುಕಿ

ಎರಡನೇ ಸಲ ಕಂಟಿನ್ಯುಟಿಗೆ ಮಾತ್ರ. ಚಿತ್ರದ ಕೋನ ಬದಲಾದ ಕ್ಷಣದಲ್ಲಿ ನಿಲ್ಲಿಸಿ. ಹಿಂದಿನ ಶಾಟ್‌ನ ಕೊನೆಯ ಫ್ರೇಮ್ ಒಮ್ಮೆ, ಮುಂದಿನ ಶಾಟ್‌ನ ಮೊದಲ ಫ್ರೇಮ್ ಒಮ್ಮೆ, ಹಿಂದೆ ಮುಂದೆ ಮಾಡಿ ನೋಡಿ. ಒಬ್ಬರೇ ಎಲ್ಲವನ್ನೂ ನೋಡಲಾಗದು, ಮನೆಮಂದಿಗೆ ಕೆಲಸ ಹಂಚಿ. ಅಕ್ಕ ಕೈಯಲ್ಲಿರುವ ವಸ್ತು ನೋಡಲಿ, ತಮ್ಮ ಬಟ್ಟೆ ನೋಡಲಿ, ಅಜ್ಜಿ ಹಿನ್ನೆಲೆ ನೋಡಲಿ. ಕಥೆಯಲ್ಲಿ ಮುಳುಗದವರಿಗೇ ಗೋಡೆಯ ಗಡಿಯಾರ ಮಾಯವಾದದ್ದು ಬೇಗ ಕಾಣುತ್ತದೆ.

ಹೆಚ್ಚು ಸಿಗುವುದು ಕೈಗಳಲ್ಲಿ. ದೂರದ ಶಾಟನ್ನು ಒಬ್ಬರು ಬಿಡಿಸಿರುತ್ತಾರೆ, ಹತ್ತಿರದ ಶಾಟನ್ನು ಇನ್ನೊಬ್ಬರು. ಪುಸ್ತಕ ಯಾವ ಕೈಯಲ್ಲಿತ್ತು ಎಂಬುದು ಆ ನಡುವೆ ಕಳೆದುಹೋಗುತ್ತದೆ. ಆಮೇಲೆ ಊಟದ ದೃಶ್ಯಗಳು: ತಟ್ಟೆಯಲ್ಲಿ ಲಡ್ಡು ಎಷ್ಟು, ತಿಂದ ಮೇಲೆ ಎಷ್ಟು ಉಳಿಯಿತು ಎಂದು ಎಣಿಸಿ. ಒದ್ದೆ ಬಟ್ಟೆ, ಕೆಸರಿನ ಕಲೆ, ಹರಿದ ತೋಳು ಮುಂತಾದವನ್ನು ಹಿಂಬಾಲಿಸಿ. ಆದರೆ ದೃಶ್ಯವೇ ಬದಲಾಗಿ ಹೊತ್ತು ಕಳೆದಿದ್ದರೆ ಬಟ್ಟೆ ಬದಲಾದದ್ದು ತಪ್ಪಲ್ಲ.

ದಿಕ್ಕನ್ನು ಹಿಡಿಯುವುದು ಸ್ವಲ್ಪ ಕಷ್ಟ. ಇಬ್ಬರು ಎದುರುಬದುರು ಮಾತಾಡುವಾಗ ಅವರ ನಡುವೆ ಒಂದು ಗೆರೆ ಎಳೆದಂತೆ ಭಾವಿಸಿ, ಕ್ಯಾಮೆರಾ ಆ ಗೆರೆಯ ಒಂದೇ ಕಡೆ ಇರಬೇಕೆಂಬುದು ಸಿನಿಮಾದವರ ರೂಢಿ. ಇದನ್ನು 180 ಡಿಗ್ರಿ ನಿಯಮ ಎನ್ನುತ್ತಾರೆ. ಗೆರೆ ದಾಟಿದರೆ ಎಡಕ್ಕಿದ್ದವನು ದಿಢೀರನೆ ಬಲಕ್ಕೆ ಬಂದಂತೆ ಕಾಣುತ್ತದೆ. ಬಲಕ್ಕೆ ಓಡುತ್ತಿದ್ದ ಕಳ್ಳ ಮುಂದಿನ ಶಾಟ್‌ನಲ್ಲಿ ಎಡಕ್ಕೆ ಓಡಿದರೆ ಅವನು ಎಲ್ಲಿ ತಿರುಗಿದ ಎಂದು ಹುಡುಕಿ.

ಎಡಬಲದ ಕಣ್ಣು ಪಳಗಿಸಲು ಒಂದು ಅಭ್ಯಾಸ ಇದೆ. ಮನೆಯ ಮದುವೆ ಫೋಟೊ ಒಂದನ್ನು ಫೋನಿನಲ್ಲಿ ಎಡಬಲ ತಿರುಗಿಸಿ ಮಕ್ಕಳಿಗೆ ತೋರಿಸಿ, ಏನು ಬದಲಾಗಿದೆ ಕೇಳಿ. ಕೊಡವ ಶೈಲಿಯಲ್ಲಿ ಸೀರೆ ಉಟ್ಟವರ ಸೆರಗು ಬಲ ಹೆಗಲಿಗೆ ಬಂದಿರುತ್ತದೆ, ತಿರುಗಿಸಿದ ಫೋಟೊದಲ್ಲಿ ಎಡಕ್ಕೆ ಹೋಗುತ್ತದೆ. ದಿನವೂ ನೋಡುವ ಉಡುಗೆಯಾದ್ದರಿಂದ ಮಕ್ಕಳು ಬೇಗ ಹಿಡಿಯುತ್ತಾರೆ. ಆಮೇಲೆ ಕಾರ್ಟೂನಿಗೆ ಬನ್ನಿ.

ಹಂತ 5: ಫ್ರೇಮ್ ಫ್ರೇಮ್ ಹುಡುಕಿ

ಮೂರನೇ ಸಲ ಅನಿಮೇಶನ್ ತಪ್ಪಿಗೆ. ಇಡೀ ಕಂತನ್ನು ಹೀಗೆ ನೋಡಲು ಹೋಗಬೇಡಿ, ಕಣ್ಣಿಗೆ ಏನೋ ಚುಚ್ಚಿದಂತಾದ ಜಾಗಗಳನ್ನು ಮಾತ್ರ ನೋಡಿ.

ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್. ಕೈಯಲ್ಲಿ ಬಿಡಿಸುವ ಅನಿಮೇಶನ್‌ನಲ್ಲಿ ಒಂದು ಚಿತ್ರವನ್ನು ಸಾಮಾನ್ಯವಾಗಿ ಎರಡು ಫ್ರೇಮ್ ಇಡುತ್ತಾರೆ, ಅಂದರೆ ಸೆಕೆಂಡಿಗೆ 12 ಚಿತ್ರ. ಕೀ ಎರಡು ಸಲ ಒತ್ತಿದಾಗ ಒಮ್ಮೆ ಮಾತ್ರ ಚಿತ್ರ ಬದಲಾದರೆ ವಿಡಿಯೊ ಸಿಕ್ಕಿಕೊಂಡಿಲ್ಲ, ಅದು ಸಹಜ. ಈ ಲೆಕ್ಕದಲ್ಲಿ 22 ನಿಮಿಷದ ಕಂತಿಗೆ 15,840 ಚಿತ್ರ. ಅಷ್ಟನ್ನು ಬಿಡಿಸಲಾಗದೆಯೇ ಟಿವಿ ಸ್ಟುಡಿಯೊಗಳು ಉಳಿತಾಯದ ದಾರಿ ಹುಡುಕಿದವು. 1958ರಲ್ಲಿ ಟಿವಿಗೆ ಬಂದ ಯೋಗಿ ಕರಡಿಯ ಕೊರಳಲ್ಲಿ ಕಾಲರ್ ಇರುವುದು ಅದಕ್ಕೇ. ಮೈಯನ್ನು ಹಾಗೇ ಇಟ್ಟು ತಲೆಯನ್ನಷ್ಟೇ ಹೊಸದಾಗಿ ಬಿಡಿಸಿದರೂ ಎರಡರ ನಡುವಿನ ಗೆರೆ ಕಾಲರಿನಡಿ ಮುಚ್ಚಿಹೋಗುತ್ತದೆ.

ಓಡುವಾಗ ಅದೇ ಮರ, ಅದೇ ಮನೆ ಮತ್ತೆ ಮತ್ತೆ ಬರುವುದೂ ಉಳಿತಾಯವೇ. ಚಲನೆಯನ್ನು ಸುತ್ತು ಹಾಕಿಸಿ ಮರುಬಳಸುವುದಕ್ಕೆ ಸೈಕಲ್ ಎನ್ನುತ್ತಾರೆ. ಮಡಿಕೇರಿ ದಸರಾದ ದಶಮಂಟಪಗಳಲ್ಲಿ ರಾಕ್ಷಸನ ಕೈ ಒಂದೇ ಲಯದಲ್ಲಿ ಎದ್ದು ಇಳಿಯುತ್ತದಲ್ಲ, ಹಾಗೆ. ಇದನ್ನು ತಪ್ಪಿನ ಪಟ್ಟಿಗೆ ಸೇರಿಸಬೇಡಿ. ಆದರೆ ಸುತ್ತು ಮುಗಿದು ಮತ್ತೆ ಶುರುವಾಗುವ ಜಾಗದಲ್ಲಿ ಚಿತ್ರ ಕುಪ್ಪಳಿಸಿದರೆ ಸೇರಿಸಬಹುದು.

ನೋಡಬೇಕಾದದ್ದು ಇಷ್ಟು: ಒಂದು ಕ್ಷಣ ಬಣ್ಣ ಬದಲಾಗುವುದು, ಬಣ್ಣ ತುಂಬದೆ ಹಿನ್ನೆಲೆ ತೋರುವುದು, ಅಂಗವೊಂದು ಕಾಣೆಯಾಗುವುದು, ಹಿಂದಿನದು ಮುಂದೆ ಬರುವುದು, ನಿಂತ ಪಾತ್ರ ಇದ್ದಕ್ಕಿದ್ದಂತೆ ಕೂದಲೆಳೆಯಷ್ಟು ಸರಿಯುವುದು, ಮಾತಾಡುವವನ ಬದಲು ಪಕ್ಕದವನ ಬಾಯಿ ಆಡುವುದು.

ಹೊಸಬರು ಅತಿ ಹೆಚ್ಚು ಮೋಸಹೋಗುವುದು ಸ್ಮಿಯರ್‌ನಲ್ಲಿ. ವೇಗದ ಚಲನೆ ತೋರಿಸಲು ಒಂದೆರಡು ಫ್ರೇಮ್‌ಗಳಲ್ಲಿ ಪಾತ್ರವನ್ನು ಬೇಕೆಂದೇ ಎಳೆದು, ಮೂರು ಕಣ್ಣು, ಆರು ಕೈ ಹಾಕಿ ಬಿಡಿಸುತ್ತಾರೆ. ಅಮೆರಿಕದ ಚಕ್ ಜೋನ್ಸ್ 1942ರಲ್ಲೇ ಇದನ್ನು ಧಾರಾಳವಾಗಿ ಬಳಸಿದ್ದರು. ನಿಲ್ಲಿಸಿ ನೋಡಿದರೆ ವಿಕಾರ, ಓಡುವಾಗ ನೋಡಿದರೆ ಸೊಗಸು. ಪರೀಕ್ಷೆ ಸುಲಭ: ಹಿಂದಿನ ಮತ್ತು ಮುಂದಿನ ಫ್ರೇಮ್‌ಗಳಲ್ಲಿ ಪಾತ್ರ ಬಹಳ ದೂರ ಸರಿದಿದೆಯೇ? ಸರಿದಿದ್ದರೆ ಸ್ಮಿಯರ್. ಪಾತ್ರ ನಿಂತಲ್ಲೇ ಇದ್ದೂ ಮೂರನೇ ಕೈ ಬಂದಿದ್ದರೆ ತಪ್ಪು. ನಗುತ್ತಾ ಸ್ಮಿಯರ್ ಚಿತ್ರಗಳನ್ನು ತಪ್ಪೆಂದು ಹಂಚುವವರನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ಅನಿಮೇಟರುಗಳು ತುಂಬ ಯೋಚಿಸಿ ಬಿಡಿಸುವ ಚಿತ್ರಗಳಲ್ಲಿ ಅವೂ ಸೇರಿವೆ.

ಸೆಲ್ ಕಾಲದ ಇನ್ನೊಂದು ಗುಟ್ಟು. ಸಾಲು ಬಾಗಿಲುಗಳಲ್ಲಿ ಒಂದು ಮಾತ್ರ ಬೇರೆ ಛಾಯೆಯಲ್ಲಿದ್ದರೆ ತೆರೆದುಕೊಳ್ಳುವುದು ಅದೇ. ಅಲುಗುವ ವಸ್ತುವನ್ನು ಸೆಲ್ ಮೇಲೆ, ಅಲುಗದ್ದನ್ನು ಹಿನ್ನೆಲೆಯಲ್ಲಿ ಬೇರೆ ಬಣ್ಣದಲ್ಲಿ ಬರೆಯುತ್ತಿದ್ದರಿಂದ ಹಾಗಾಗುತ್ತದೆ. ತಪ್ಪೆಂದು ಬರೆಯಬೇಡಿ. ಆದರೆ ಮಕ್ಕಳಿಗೆ ಖಂಡಿತ ಹೇಳಿಕೊಡಿ, ಮುಂದೇನಾಗುತ್ತದೆ ಎಂದು ಮೊದಲೇ ಹೇಳುವ ಆಟ ಅವರಿಗೆ ಇಷ್ಟ.

ಹಂತ 6: ಬೇರೆಯವರ ತಪ್ಪನ್ನು ಸೋಸಿ ತೆಗೆಯಿರಿ

ನಿಮ್ಮ ಪರದೆಗೆ ಬರುವಷ್ಟರಲ್ಲಿ ಕಾರ್ಟೂನ್ ಹಲವು ಕೈ ದಾಟಿರುತ್ತದೆ. ಪ್ರಸಾರದ್ದೋ ಅಪ್‌ಲೋಡ್ ಮಾಡಿದವರದ್ದೋ ಡಬ್ಬಿಂಗಿನದ್ದೋ ತಪ್ಪನ್ನು ಚಿತ್ರ ಬಿಡಿಸಿದವರ ತಲೆಗೆ ಕಟ್ಟುವುದು ಅನ್ಯಾಯ.

ಮಳೆ: ಮನೆಯ ಡಿಶ್ ಹಿಡಿಯುವ ಸಿಗ್ನಲ್ ಸುಮಾರು 12 ಗಿಗಾಹರ್ಟ್ಸ್‌ನ ಕೆಯು ಬ್ಯಾಂಡ್ ಎಂಬ ತರಂಗಶ್ರೇಣಿಯದು. ಆ ಅಲೆಗಳನ್ನು ಮಳೆಹನಿಗಳು ಹೀರುತ್ತವೆ, ಚದುರಿಸುತ್ತವೆ. ಭಾಗಮಂಡಲ ಕಡೆಯ ಜುಲೈ ಮಳೆಯಲ್ಲಿ ಚಿತ್ರ ಒಡೆಯುವುದು ಅದಕ್ಕೇ. ಒಡೆದ ಚಿತ್ರ ಚೌಕ ಚೌಕವಾಗಿರುತ್ತದೆ, ಅಂಚು ನೇರವಾಗಿರುತ್ತದೆ. ಬಣ್ಣ ತುಂಬುವ ತಪ್ಪು ಪಾತ್ರದ ಹೊರಗೆರೆಯನ್ನು ಅನುಸರಿಸುತ್ತದೆ. ಸಂಶಯವಿದ್ದರೆ ಮಳೆ ನಿಂತ ಮೇಲೆ ಮರುಪ್ರಸಾರ ನೋಡಿ.

ತಿರುಗಿಸಿದ ವಿಡಿಯೊ: ಅನುಮತಿಯಿಲ್ಲದೆ ಅಪ್‌ಲೋಡ್ ಮಾಡುವವರು ಸಿಕ್ಕಿಬೀಳದಿರಲು ಇಡೀ ಚಿತ್ರವನ್ನು ಎಡಬಲ ತಿರುಗಿಸುವುದುಂಟು, ಹಿಗ್ಗಿಸುವುದುಂಟು. ಬೋರ್ಡಿನ ಅಕ್ಷರ, ಗಡಿಯಾರದ ಅಂಕಿ ಉಲ್ಟಾ ಇದ್ದರೆ ಆ ವಿಡಿಯೊ ಬಿಟ್ಟು ಅಧಿಕೃತ ಚಾನೆಲ್‌ನಲ್ಲಿ ನೋಡಿ.

ಕತ್ತರಿಸಿದ ಅಂಚು: ಹಳೆಯ ಕಾರ್ಟೂನಿನ 4:3 ಅಳತೆಯ (ಅಗಲ 4 ಪಾಲು, ಎತ್ತರ 3 ಪಾಲು) ಚಿತ್ರವನ್ನು ಈಗಿನ 16:9 ಟಿವಿಗೆ ತುಂಬಿಸಲು ಮೇಲೆ ಕೆಳಗೆ ಕತ್ತರಿಸಿರುತ್ತಾರೆ. ಟೋಪಿಯ ತುದಿ ಹೋದರೆ ಕಲಾವಿದರ ತಪ್ಪಲ್ಲ.

ಇಬ್ಬಗೆಯ ನೆರಳು: ಒಂದು ಫ್ರೇಮಿನಲ್ಲಿ ಎರಡು ಚಿತ್ರ ಮಸುಕಾಗಿ ಬೆರೆತಿದ್ದರೆ ಸೆಕೆಂಡಿಗೆ ಇಷ್ಟು ಫ್ರೇಮ್ ಎಂಬ ಲೆಕ್ಕವನ್ನು ಬದಲಿಸುವಾಗ ಆದದ್ದು. ಭಾರತದ ಹಳೆಯ ಟಿವಿ ಪದ್ಧತಿಯಾದ ಪಾಲ್‌ನಲ್ಲಿ ಸೆಕೆಂಡಿಗೆ 25 ಫ್ರೇಮ್. 24ರ ಚಿತ್ರವನ್ನು 25ರ ವೇಗದಲ್ಲಿ ಓಡಿಸಿದರೆ 22 ನಿಮಿಷದ್ದು 21 ನಿಮಿಷ 7 ಸೆಕೆಂಡಿಗೇ ಮುಗಿಯುತ್ತದೆ. ನೀವು ಬರೆದ ಸಮಯದಲ್ಲಿ ಗೆಳೆಯರಿಗೆ ಆ ತಪ್ಪು ಸಿಗದಿದ್ದರೆ ಇದೂ ಒಂದು ಕಾರಣ.

ದನಿ: ಕನ್ನಡಕ್ಕೆಂದೇ 2009ರಲ್ಲಿ ಚಿಂಟು ಟಿವಿ ಬಂದ ಮೇಲೆ ನಮ್ಮ ಮಕ್ಕಳಿಗೆ ಕನ್ನಡ ಡಬ್ಬಿಂಗ್ ಧಾರಾಳವಾಗಿ ಸಿಕ್ಕಿತು. ತುಟಿ ಮತ್ತು ಮಾತು ಹೊಂದದಿರುವುದು ಡಬ್ಬಿಂಗ್‌ನಲ್ಲಿ ಆಗಿಯೇ ಆಗುತ್ತದೆ, ಬರೆಯುವ ಅಗತ್ಯವಿಲ್ಲ. ಒಬ್ಬನ ದನಿ ಇನ್ನೊಬ್ಬನ ಬಾಯಲ್ಲಿ ಬಂದರೆ ಮಾತ್ರ ತನಿಖೆ ಮಾಡಿ. ಇದರಲ್ಲಿ ಕೊಡಗಿನ ಮನೆಗಳಿಗೆ ದೊಡ್ಡ ಅನುಕೂಲವಿದೆ. ಮನೆಯಲ್ಲಿ ಕೊಡವ ತಕ್ಕೋ ಅರೆಭಾಷೆಯೋ ಆಡಿದರೂ ಕನ್ನಡ, ಹಿಂದಿ, ಮಲಯಾಳಂ ಮೂರೂ ಅರ್ಥವಾಗುವವರು ಪ್ರತಿ ಬೀದಿಯಲ್ಲೂ ಇದ್ದಾರೆ. ಅದೇ ಕಂತನ್ನು ಇನ್ನೊಂದು ಭಾಷೆಯಲ್ಲಿ ಹಾಕಿ. ಅಲ್ಲೂ ಅದೇ ಬಾಯಿ ತಪ್ಪಾಗಿ ಆಡಿದರೆ ತಪ್ಪು ಚಿತ್ರದ್ದು. ಕನ್ನಡದಲ್ಲಿ ಮಾತ್ರ ಆಗಿದ್ದರೆ ಡಬ್ಬಿಂಗಿನದ್ದು.

ಹಂತ 7: ಬರೆದಿಡಿ

ಸರಣಿ, ಕಂತಿನ ಹೆಸರು, ಎಲ್ಲಿ ನೋಡಿದ್ದು, ಯಾವ ಭಾಷೆ, ಕಂತಿನ ಒಟ್ಟು ಅವಧಿ, ತಪ್ಪು ಕಂಡ ನಿಮಿಷ ಮತ್ತು ಸೆಕೆಂಡು, ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು. ‘7:42, ಹುಡುಗನ ಎಡಗೈಯಲ್ಲಿ ಕೊಡೆ, 7:43, ಹತ್ತಿರದ ಶಾಟ್, ಕೊಡೆ ಬಲಗೈಯಲ್ಲಿ, ಕೈ ಬದಲಾಯಿಸಿದ್ದು ತೋರಿಸಿಲ್ಲ’ ಎಂಬಷ್ಟು ಸಾಕು. ‘ಕೊಡೆ ತಪ್ಪು’ ಎಂದು ಬರೆದರೆ ಮರುವಾರ ನಿಮಗೇ ಅರ್ಥವಾಗುವುದಿಲ್ಲ.

ಪಕ್ಕದಲ್ಲಿ ‘ಖಚಿತ’ ಅಥವಾ ‘ಅನುಮಾನ’ ಎಂದು ಗುರುತು ಹಾಕಿ. ಇಬ್ಬರು ಬೇರೆ ಬೇರೆಯಾಗಿ ನೋಡಿ ಒಪ್ಪಿದ್ದು ಮಾತ್ರ ಖಚಿತ. ಟಿವಿಯಲ್ಲಿ ಬಂದ ತಪ್ಪನ್ನು ಡಿಸ್ಕ್ ಬಿಡುಗಡೆಯ ಹೊತ್ತಿಗೆ ತಿದ್ದುವ ರೂಢಿ ಜಪಾನಿನ ಸ್ಟುಡಿಯೊಗಳಲ್ಲಿದೆ. ಇನ್ನೊಬ್ಬರು ನೋಡಿದ ಪ್ರತಿಯಲ್ಲಿ ತಪ್ಪು ಇಲ್ಲದಿದ್ದರೆ ಜಗಳವಾಡದೆ ಎರಡು ಪ್ರತಿಗಳ ವಿವರವನ್ನೂ ಬರೆದುಕೊಳ್ಳಿ.

ಮಗು ಹಿಡಿದದ್ದು ತಪ್ಪಲ್ಲವೆಂದು ತಿಳಿದರೂ ಅಳಿಸಬೇಡಿ. ಏಕೆ ತಪ್ಪಲ್ಲ ಎಂದು ಕೆಳಗೊಂದು ಸಾಲು ಮಗುವಿನ ಕೈಯಲ್ಲೇ ಬರೆಸಿ. ಐದಾರು ವರ್ಷದವರಿಗೆ ಎರಡನೇ ಹಂತದ ಪಟ್ಟಿ ಮತ್ತು ನಾಲ್ಕನೇ ಹಂತದಲ್ಲಿ ಒಂದೇ ಒಂದು ವಸ್ತುವನ್ನು ಹಿಂಬಾಲಿಸುವುದು ಸಾಕು. ಫ್ರೇಮ್ ಫ್ರೇಮ್ ನೋಡುವುದನ್ನು ಹತ್ತು ದಾಟಿದವರಿಗೆ ಬಿಡಿ, ಅದೂ ಒಂದು ಸಲಕ್ಕೆ ಅರ್ಧ ಗಂಟೆ ಮೀರದಿರಲಿ. ಏನೂ ಸಿಗದ ಕಂತಿಗೂ ಒಂದು ಪುಟ ಕೊಟ್ಟು, ‘ತಪ್ಪು ಸಿಗಲಿಲ್ಲ’ ಎಂದು ದಿನಾಂಕ ಹಾಕಿ.